ನಾಲ್ಕು ಸಾಕ್ಷಿಗಳು ಮತ್ತು ಒಂದು ವಂಶವೃಕ್ಷ

ಅಮೆರಿಕದ ಉತ್ತರ ಡಕೋಟ ರಾಜ್ಯದ ನೈರುತ್ಯ ಭಾಗದಲ್ಲಿ, ಡಿಕಿನ್‌ಸನ್ ಪಟ್ಟಣದ ಆಗ್ನೇಯಕ್ಕೆ, ಲೆಫರ್ ಎಂಬ ಊರಿದೆ. ಅದನ್ನು ಊರು ಎನ್ನಲೂ ಸ್ವಲ್ಪ ಧಾರಾಳತನ ಬೇಕು. ಒಂದು ಕ್ಯಾಥೊಲಿಕ್ ಚರ್ಚು, ಒಂದು ಸ್ಮಶಾನ, ಕೆಲವು ಮನೆ, ಸುತ್ತಲೂ ಹೊಲ, ಅಷ್ಟೇ. ಚರ್ಚು ಹಂಗೆರಿಯ ಸಂತ ಎಲಿಜಬೆತ್‌ಳ ಹೆಸರಿನದು. 1207ರಲ್ಲಿ ಹಂಗೆರಿಯ ರಾಜಕುಮಾರಿಯಾಗಿ ಹುಟ್ಟಿದ ಆಕೆ ಜರ್ಮನ್ ನಾಡಿಗೆ ಸೊಸೆಯಾಗಿ ಹೋಗಿ, 1231ರಲ್ಲಿ ಮಾರ್‌ಬುರ್ಗ್‌ನಲ್ಲಿ ತೀರಿಕೊಂಡಳು. ಲೆಫರ್ ಕಟ್ಟಿದವರ ಪಯಣ ಇದರ ತಿರುಗುಮುರುಗು. ಅವರ ಹಿರಿಯರು ಜರ್ಮನ್ ನಾಡುಗಳಿಂದ ಹಂಗೆರಿಗೆ ಹೋದವರು. ಅಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಸಾಯ ಮಾಡಿದ ಮೇಲೆ, 1890ರ ದಶಕದಲ್ಲಿ ಬಾನಾಟ್ ಸೀಮೆಯ ಜಿಚಿಡೋರ್ಫ್, ಸೆಚಾನ್ ಮುಂತಾದ ಹಳ್ಳಿಗಳಿಂದ ಅವರ ಮಕ್ಕಳುಮರಿ ಡಕೋಟಕ್ಕೆ ಬಂದರು. ಸುತ್ತಲಿನವರು ಅವರನ್ನು ‘ಜರ್ಮನ್-ಹಂಗೆರಿಯನ್ನರು’ ಎಂದು ಕರೆದರು. ಅದೇ ಸೀಮೆಯಲ್ಲಿ ರಷ್ಯಾದಿಂದ ಬಂದ ಜರ್ಮನ್ನರ ಊರುಗಳೂ ಇದ್ದುದರಿಂದ ಇವರನ್ನು ಬೇರೆಯಾಗಿ ಗುರುತಿಸಲು ಒಂದು ಹಣೆಪಟ್ಟಿ ಬೇಕಿತ್ತು.

ಈ ವಲಸೆಗಾರರ ಮರಿಮಕ್ಕಳು ಈಗ ತಮ್ಮ ಮೂಲ ಹುಡುಕುತ್ತಿದ್ದಾರೆ. ನಾವು ಜರ್ಮನ್ನರೋ, ಹಂಗೆರಿಯನ್ನರೋ, ಅಥವಾ ಆ ಹಳ್ಳಿಗಳು ಈಗ ಸರ್ಬಿಯಾದಲ್ಲಿರುವುದರಿಂದ ಸರ್ಬಿಯಾದವರೋ ಎಂಬುದು ಅವರ ಪ್ರಶ್ನೆ. ಉತ್ತರಕ್ಕಾಗಿ ತಂದೆ, ತಂದೆಯ ತಂದೆ, ಅವನ ತಂದೆ ಎಂದು ಒಂದೇ ಗೆರೆ ಹಿಡಿದು ಹಿಂದಕ್ಕೆ ಹೋಗುತ್ತಾರೆ. ಸಂತತಿಯ ಗೆರೆ ಇಂಥ ಜನರ ಚರಿತ್ರೆಯಲ್ಲಿ ಅತ್ಯಂತ ದುರ್ಬಲವಾದ ಎಳೆ ಎಂಬುದು ನನ್ನ ವಾದ. ಅವರು ಸಾಗರ ದಾಟಿದ್ದು, ನೆಲ ಹಿಡಿದದ್ದು, ಬದುಕಿ ಉಳಿದದ್ದು ಎಲ್ಲವೂ ನೆರೆಹೊರೆಯಾಗಿ. ಹುಡುಕಬೇಕಾದದ್ದೂ ಅದನ್ನೇ.

ಮೊದಲು ದಾಖಲೆಗಳ ಸ್ವಭಾವ ನೋಡೋಣ. ಬಾನಾಟ್ ಜರ್ಮನ್ನರಲ್ಲಿ ಲೋಕಪ್ರಸಿದ್ಧನಾದವನು ಜಾನಿ ವೈಸ್‌ಮುಲ್ಲರ್, ಬೆಳ್ಳಿತೆರೆಯ ಟಾರ್ಜಾನ್. ಅವನು ಹುಟ್ಟಿದ್ದು 1904ರ ಜೂನ್ 2ರಂದು, ಟೆಮೆಶ್ವಾರ್ ನಗರದ ಪಕ್ಕದ ಫ್ರೈಡೋರ್ಫ್‌ನಲ್ಲಿ. ಮರುವರ್ಷ ಕೈಗೂಸಾಗಿ ಅಮೆರಿಕಕ್ಕೆ ಬಂದ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರವಾಗಿ ಈಜಬೇಕಾದಾಗ ತಾನು ಅಲ್ಲಿನ ಪ್ರಜೆ ಎಂದು ತೋರಿಸಬೇಕಾಯಿತು. ತಮ್ಮ ಪೀಟರ್ ಹುಟ್ಟಿದ್ದು ಪೆನ್ಸಿಲ್ವೇನಿಯದ ವಿಂಡ್‌ಬರ್ ಎಂಬಲ್ಲಿ. ತಮ್ಮನ ಜನ್ಮಸ್ಥಳವನ್ನೇ ಅಣ್ಣ ತನ್ನದಾಗಿಸಿಕೊಂಡ, ಪ್ಯಾರಿಸ್‌ನಿಂದ ಈಜಿನ ಮೂರು ಚಿನ್ನದ ಪದಕ ಹೊತ್ತು ತಂದ. ಬದುಕಿರುವವರೆಗೂ ಅವನು ಆ ಕಥೆಗೇ ಅಂಟಿಕೊಂಡಿದ್ದ. ಇದನ್ನು ಸುಳ್ಳು ಎಂದು ಬೈಯುವವರು ಬೈಯಲಿ. ನನಗೆ ಇಲ್ಲಿ ಕಾಣುವುದು ಬೇರೆ. ಕಚೇರಿ ಕೇಳಿದ ಪ್ರಶ್ನೆ ‘ನೀನು ಯಾರು’ ಎಂದಲ್ಲ, ‘ನಮ್ಮ ಷರತ್ತಿಗೆ ಹೊಂದುತ್ತೀಯಾ’ ಎಂದು. ಅವನು ಕೊಟ್ಟ ಉತ್ತರವೂ ಅದಕ್ಕೇ.

ಲೆಫರ್‌ನ ರೈತರು ಇಷ್ಟು ಸಾಹಸಕ್ಕೆ ಇಳಿದವರಲ್ಲ. ಆದರೂ ಅವರ ಪ್ರತಿಯೊಂದು ಕಾಗದವೂ ಯಾವುದೋ ಕಚೇರಿಯ ಅಗತ್ಯಕ್ಕೆ ಹುಟ್ಟಿದ್ದು. ಹಳ್ಳಿಯ ಪಾದ್ರಿ ಲ್ಯಾಟಿನ್‌ನಲ್ಲಿ ‘ಯೊಹಾನ್ನೆಸ್’ ಎಂದು ಬರೆದ ಮಗು ಮನೆಯಲ್ಲಿ ಯೋಹಾನ್. ಹಂಗೆರಿಯಲ್ಲಿ ಸರ್ಕಾರಿ ಜನನ ಮರಣ ನೋಂದಣಿ ಶುರುವಾದದ್ದು 1895ರ ಅಕ್ಟೋಬರ್ 1ರಂದು. ಆ ರಿಜಿಸ್ಟರಿನಲ್ಲಿ ಅವನೇ ‘ಯಾನೋಶ್’, ಅದೂ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಡಕೋಟದಲ್ಲಿ ಜಾನ್. ಹೆಸರುಗಳನ್ನು ಎಲಿಸ್ ದ್ವೀಪದ ಅಧಿಕಾರಿಗಳು ಬದಲಿಸಿದರು ಎಂಬ ಕಥೆ ಅಮೆರಿಕದ ಮನೆಮನೆಯಲ್ಲೂ ಇದೆ, ಅದಕ್ಕೆ ಆಧಾರವಿಲ್ಲ. ಪ್ರಯಾಣಿಕರ ಪಟ್ಟಿ ಬರೆಯುತ್ತಿದ್ದದ್ದು ಯೂರೋಪಿನ ಬಂದರಿನಲ್ಲಿ, ಹಡಗು ಕಂಪನಿಯ ಗುಮಾಸ್ತ. ಎಲಿಸ್ ದ್ವೀಪದವರು ಅದನ್ನು ಮುಂದಿಟ್ಟುಕೊಂಡು ತಪಾಸಣೆ ಮಾಡುತ್ತಿದ್ದರು. ಹೆಸರು ಬದಲಿಸಿಕೊಂಡವರು ಬಹುಮಟ್ಟಿಗೆ ವಲಸೆಗಾರರೇ, ನಿಧಾನವಾಗಿ, ತಮ್ಮ ಅನುಕೂಲಕ್ಕೆ.

ಜನಗಣತಿಯ ಕಥೆ ಇನ್ನೂ ಸ್ವಾರಸ್ಯಕರ. 1890ರ ಗಣತಿಯ ಬಹುಪಾಲು ಹಾಳೆಗಳು 1921ರ ಬೆಂಕಿಯಲ್ಲಿ ಹಾಳಾದವು. ಹಾಗಾಗಿ ಮೊದಲು ಬಂದವರು 1900ರಲ್ಲಿ ದಿಢೀರನೆ ಪ್ರತ್ಯಕ್ಷರಾಗುತ್ತಾರೆ, ಜನ್ಮಸ್ಥಳ ಹಂಗೆರಿ. 1910ರಲ್ಲಿ ನಮೂನೆಗಳು ಅಚ್ಚಾದ ಮೇಲೆ ಮಾತೃಭಾಷೆಯನ್ನೂ ಕೇಳಬೇಕೆಂಬ ಆದೇಶ ಬಂತು. ಅದಕ್ಕೆ ಬೇರೆ ಅಂಕಣವಿಲ್ಲದೆ ಗಣತಿದಾರರು ಜನ್ಮಸ್ಥಳದ ಅಂಕಣದಲ್ಲೇ ದೇಶ, ಭಾಷೆ ಎರಡನ್ನೂ ತುರುಕಿದರು. ಹಂಗೆರಿ, ಅದರ ಪಕ್ಕದಲ್ಲಿ ಜರ್ಮನ್. 1920ರ ಜೂನ್ 4ರ ಟ್ರಿಯಾನಾನ್ ಒಪ್ಪಂದ ಬಾನಾಟನ್ನು ರುಮೇನಿಯಾ ಮತ್ತು ಮುಂದೆ ಯುಗೊಸ್ಲಾವಿಯಾ ಎನಿಸಿದ ರಾಜ್ಯದ ನಡುವೆ ಹಂಚಿತು, ಒಂದು ಚೂರು ಮಾತ್ರ ಹಂಗೆರಿಗೆ ಉಳಿಯಿತು. 1930ರ ಗಣತಿಗೆ ಬಂದ ಸೂಚನೆ ಏನೆಂದರೆ, ಹುಟ್ಟಿದ ಊರು ಈಗ ಯಾವ ದೇಶದಲ್ಲಿದೆಯೋ ಆ ದೇಶವನ್ನು ಬರೆಯಿರಿ. ಹೊಲ ಬಿಟ್ಟು ಎಲ್ಲಿಗೂ ಹೋಗದ ಲೆಫರ್‌ನ ಮುದುಕ ಹೀಗೆ ಮೂವತ್ತು ವರ್ಷದಲ್ಲಿ ಹಂಗೆರಿಯಿಂದ ಯುಗೊಸ್ಲಾವಿಯಾಕ್ಕೆ ತನ್ನ ಹುಟ್ಟನ್ನು ಸ್ಥಳಾಂತರಿಸಿಕೊಂಡ. ಇದರ ನಡುವೆ ಮಹಾಯುದ್ಧ ಬಂದುಹೋಗಿತ್ತು. 1918ರಲ್ಲಿ ಜರ್ಮನಿಯ ಪ್ರಜೆಗಳು ಶತ್ರುದೇಶದವರೆಂದು ಹೆಸರು ನೋಂದಾಯಿಸಬೇಕಿತ್ತು. ಆಸ್ಟ್ರಿಯಾ-ಹಂಗೆರಿಯ ಪ್ರಜೆಗಳ ಮೇಲೆ ಅಷ್ಟು ಬಿಗಿ ಇರಲಿಲ್ಲ. ಅಂಥ ಹೊತ್ತಿನಲ್ಲಿ ‘ನಾನು ಹಂಗೆರಿಯವನು’ ಎನ್ನುವುದು ಜಾಣತನ. ಆ ಉತ್ತರದಿಂದ ಒಬ್ಬನ ಅಂತರಂಗವನ್ನು ಓದಲು ಹೊರಡುವವರ ಬಗ್ಗೆ ನನಗೆ ಮರುಕವಿದೆ.

ಹಳ್ಳಿಯ ಹೆಸರು ಹುಡುಕುವವರಿಗೆ ಇನ್ನೊಂದು ತೊಡಕು. 1906ರ ಕಾನೂನು ಬರುವ ತನಕ ಅಮೆರಿಕದ ಪೌರತ್ವದ ಕಾಗದದಲ್ಲಿ ಹುಟ್ಟೂರಿನ ಹೆಸರು ಬಹುತೇಕ ಇರುತ್ತಿರಲಿಲ್ಲ. ಅರ್ಜಿದಾರ ಯಾವ ದೊರೆಯ ನಿಷ್ಠೆ ತೊರೆಯುತ್ತಾನೆ ಎಂಬುದು ಮಾತ್ರ ನ್ಯಾಯಾಲಯಕ್ಕೆ ಬೇಕಿತ್ತು. ಆ ದೊರೆ ಎಲ್ಲರಿಗೂ ಒಬ್ಬನೇ, ಫ್ರಾಂಜ್ ಜೋಸೆಫ್. ಪ್ರಾಗ್‌ನವನಿಗೂ ಅವನೇ, ಜಿಚಿಡೋರ್ಫ್‌ನವನಿಗೂ ಅವನೇ.

ಹೀಗೆ ನೇರ ಗೆರೆ ಕಡಿದುಹೋದಲ್ಲಿ ಕೈಹಿಡಿಯುವುದು ಸಾಕ್ಷಿಗಳು.

1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ 160 ಎಕರೆ ಸರ್ಕಾರಿ ನೆಲ ಪಡೆಯುವವನು ಅಲ್ಲಿ ಐದು ವರ್ಷ ವಾಸವಿದ್ದು ಬೇಸಾಯ ಮಾಡಬೇಕು. ಅವಧಿ ಮುಗಿದ ಮೇಲೆ ಹಕ್ಕುಪತ್ರಕ್ಕಾಗಿ ಪುರಾವೆ ಕೊಡಬೇಕು. ಅದಕ್ಕೆ ಮೊದಲು ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಣೆ ಹೊರಡಿಸಿ ನಾಲ್ವರು ಸಾಕ್ಷಿಗಳ ಹೆಸರು ಕೊಡಬೇಕು. ಅವರಲ್ಲಿ ಇಬ್ಬರು ಭೂ ಕಚೇರಿಗೆ ಬಂದು ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು. ಇದು ಒಂದು ಬಗೆಯ ಮಹಜರು. ಮನೆ ಎಷ್ಟು ಉದ್ದಗಲ, ಗೋಡೆ ಎಂಥದು, ಎಷ್ಟು ಎಕರೆ ಉತ್ತಿದ್ದಾನೆ, ಬಾವಿ ಇದೆಯೇ, ಹೆಂಡತಿ ಮಕ್ಕಳು ಜೊತೆಗಿದ್ದಾರೆಯೇ, ನಡುವೆ ಎಷ್ಟು ದಿನ ಊರಲ್ಲಿರಲಿಲ್ಲ, ಏಕೆ? ಪಕ್ಕದ ಹೊಲದವನಿಗೆ ಇದೆಲ್ಲ ಗೊತ್ತು. ಆ ಇಬ್ಬರು ಬಂದು ಹೇಳಿದರೆ ನೆಲ ಕೈಗೆ ಬಂತು, ಹೇಳದಿದ್ದರೆ ಐದು ವರ್ಷದ ದುಡಿಮೆ ನೀರುಪಾಲು. ಇಂಥ ಹೇಳಿಕೆಗಳುಳ್ಳ ಕಡತಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಈಗ ಬಾನಾಟ್‌ನ ಹಳ್ಳಿಯ ಚರ್ಚಿನ ಪುಸ್ತಕ ತೆಗೆಯಿರಿ. ಜ್ಞಾನಸ್ನಾನದ ದಾಖಲೆಯಲ್ಲಿ ಮಗುವಿನ ಹೆಸರು, ತಂದೆ, ತಾಯಿ, ತಾಯಿಯ ತವರಿನ ಹೆಸರು ಇವುಗಳ ಜೊತೆಗೆ ಜ್ಞಾನಪಿತ, ಜ್ಞಾನಮಾತೆಯರ ಹೆಸರಿರುತ್ತದೆ. ಮದುವೆಯ ದಾಖಲೆಯಲ್ಲಿ ಇಬ್ಬರು ಸಾಕ್ಷಿಗಳು. ಡಕೋಟದ ಸಾಕ್ಷಿಗಳ ಹೆಸರುಗಳನ್ನು ಈ ಪುಸ್ತಕಗಳ ಪಕ್ಕದಲ್ಲಿಟ್ಟು ನೋಡಿದರೆ, ಒಂದು ಮನೆತನದ ಹೆಸರಿನಿಂದ ಹೊಳೆಯದ ಹಳ್ಳಿ ನಾಲ್ಕು ಮನೆತನಗಳ ಕೂಟದಿಂದ ಹೊಳೆಯಬಹುದು. ಬಾನಾಟ್‌ನಲ್ಲಿ ಮ್ಯುಲ್ಲರ್, ವೇಬರ್, ಷ್ಮಿಟ್‌ಗಳಿಗೆ ಬರವೇ? ಆದರೆ ನಿರ್ದಿಷ್ಟ ನಾಲ್ಕು ಮನೆತನಗಳು ಒಂದೇ ಕಾಲದಲ್ಲಿ ಒಟ್ಟಿಗಿದ್ದ ಹಳ್ಳಿ ಎಷ್ಟಿದ್ದೀತು? ಇದು ಬರೀ ಹುಡುಕುವ ತಂತ್ರ ಎಂದು ತಳ್ಳಿಹಾಕುವಂತಿಲ್ಲ. ತಂತ್ರ ಫಲಿಸುವುದು ಬದುಕು ಹಾಗೇ ಇದ್ದುದರಿಂದ. ಮೊದಲು ಹೋದವನು ಕಾಗದ ಬರೆಯುತ್ತಾನೆ, ಹೆಂಡತಿಯ ತಮ್ಮ ಹೊರಡುತ್ತಾನೆ, ಅವನ ಹಿಂದೆ ಪಕ್ಕದ ಬೀದಿಯವನು. ಹೋದವರು ಅಕ್ಕಪಕ್ಕದಲ್ಲೇ ನೆಲ ಹಿಡಿಯುತ್ತಾರೆ, ಪರಸ್ಪರರ ಪರ ಸಾಕ್ಷಿ ಹೇಳುತ್ತಾರೆ, ಮಕ್ಕಳಿಗೆ ಜ್ಞಾನಪಿತರಾಗುತ್ತಾರೆ. ರಕ್ತಸಂಬಂಧವೂ ಇದರೊಳಗಿನ ಒಂದು ಎಳೆ. ಎಷ್ಟೋ ಸಲ ಅದು ತಾಯಿಯ ಕಡೆಯದು, ತಂದೆಯ ಹೆಸರಿನ ಗೆರೆಯಲ್ಲಿ ಕಾಣದೆ ಹೋಗುವಂಥದು.

ಹೆಂಗಸರ ಮಾತು ಬಂತು. ಅಮೆರಿಕದ ಕಾಗದಗಳಲ್ಲಿ ಮದುವೆಯಾದ ಹೆಣ್ಣು ಬಹುಮಟ್ಟಿಗೆ ಅದೃಶ್ಯೆ. 1922ರ ಕೇಬಲ್ ಕಾಯ್ದೆ ಬರುವವರೆಗೆ ಅವಳ ಪೌರತ್ವ ಗಂಡನದರ ನೆರಳು. ಭೂದಾಖಲೆಯಲ್ಲಿ ಅವಳು ‘ಹೆಂಡತಿ’. ಆದರೆ ಒಂಟಿ ಹೆಣ್ಣು, ವಿಧವೆ ತಮ್ಮ ಹೆಸರಿನಲ್ಲೇ ಹೋಮ್‌ಸ್ಟೆಡ್ ನೆಲ ಪಡೆಯಬಹುದಿತ್ತು. ಉತ್ತರ ಡಕೋಟದಲ್ಲಿ ಹಾಗೆ ಪಡೆದವರ ಬಗ್ಗೆ ಎಲೇನ್ ಲಿಂಡ್‌ಗ್ರೆನ್ 1991ರಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಅವಿವಾಹಿತ ಅತ್ತೆಯೊಬ್ಬಳು ಹಿಡಿದ ಜಮೀನು ಕುಟುಂಬದ ಹಿಡುವಳಿಗೆ ಸೇರಿದ್ದರೂ ವಂಶವೃಕ್ಷದಲ್ಲಿ ಅವಳದು ಎಲೆ ಬಿಡದ ಕೊಂಬೆ. ಮಕ್ಕಳಿಲ್ಲದವರನ್ನೆಲ್ಲ ಹೀಗೆ ಕೊನೆಗೊಂಡವರೆಂದು ಬರೆಯುವ ಪದ್ಧತಿಯಲ್ಲೇ ಏನೋ ಕ್ರೌರ್ಯವಿದೆ.

ಇನ್ನು ‘ಜರ್ಮನ್ ರಕ್ತ’ದ ವಿಷಯ. ಬಾನಾಟ್ ಆಟೊಮನ್ ತುರ್ಕರಿಂದ ಹ್ಯಾಬ್ಸ್‌ಬರ್ಗ್ ದೊರೆಗಳ ಕೈಗೆ ಬಂದದ್ದು 1716ರಲ್ಲಿ ಟೆಮೆಶ್ವಾರ್ ಬಿದ್ದ ಮೇಲೆ, 1718ರ ಪಸ್ಸಾರೊವಿಟ್ಜ್ ಒಪ್ಪಂದದ ಮೂಲಕ. ಆಮೇಲೆ ಆರನೆಯ ಕಾರ್ಲ್, ಮಾರಿಯಾ ತೆರೇಸಾ, ಎರಡನೆಯ ಜೋಸೆಫ್ ಇವರ ಕಾಲದಲ್ಲಿ ಮೂರು ಅಲೆಗಳಲ್ಲಿ ಒಕ್ಕಲುಗಳನ್ನು ತರಿಸಿ ಕೂರಿಸಲಾಯಿತು. ಹಲವರು ಉಲ್ಮ್ ಪಟ್ಟಣದಲ್ಲಿ ಮರದ ದೋಣಿ ಹತ್ತಿ ಡ್ಯಾನ್ಯೂಬ್ ನದಿಯಲ್ಲಿ ಇಳಿದು ಬಂದರು. ಇವರೆಲ್ಲ ಸ್ವಾಬಿಯಾದವರೇ ಅಲ್ಲ. ಪಾಲಟಿನೇಟ್, ಟ್ರಿಯರ್, ಲೊರೇನ್‌ಗಳಿಂದಲೂ ಬಂದರು. 1770ರ ಆಸುಪಾಸಿನಲ್ಲಿ ಫ್ರೆಂಚ್ ಮಾತಾಡುವ ಲೊರೇನಿಗರು ಶಾರ್ಲ್‌ವಿಲ್, ಸಾಂತ್ ಯೂಬೆರ್ ಎಂಬ ಹಳ್ಳಿಗಳನ್ನೇ ಕಟ್ಟಿದ್ದರು. ಅದಕ್ಕೂ ಹಿಂದೆ, 1730ರ ದಶಕದಲ್ಲಿ, ಸ್ಪೇನಿನಿಂದ ಬಂದ ನಿರಾಶ್ರಿತರು ಈಗಿನ ಜ್ರೆನ್ಯಾನಿನ್ ಬಳಿ ಹೊಸ ಬಾರ್ಸಿಲೋನ ಕಟ್ಟಲು ಹೋಗಿ ಸೋತರು. ಆ ಫ್ರೆಂಚರ ಮೊಮ್ಮಕ್ಕಳು ಕಾಲಕ್ರಮದಲ್ಲಿ ಜರ್ಮನ್ನರಾದರು. ಲೆಫರ್ ಊರಿಗೆ ಹೆಸರು ಕೊಟ್ಟ ಆಡಮ್ ಲೆಫರ್‌ನ ಮನೆತನದ ಹೆಸರೂ ಫ್ರೆಂಚ್ ಎಂದು ಕಿವಿಗೆ ಬೀಳುತ್ತದೆ. ಆದರೆ ಹೆಸರಿನ ಸದ್ದನ್ನೇ ನಂಬಿ ಒಂದು ಮೂಲ ಕಟ್ಟುವುದು ಕುಟುಂಬ ಚರಿತ್ರಕಾರರ ಹಳೆಯ ಚಟ, ನಾನು ಅದಕ್ಕೆ ಕೈಹಾಕುವುದಿಲ್ಲ. ಈ ಜನರಿಗೆ ಇಂದು ಪ್ರಚಲಿತವಿರುವ ‘ಡ್ಯಾನ್ಯೂಬ್ ಸ್ವಾಬಿಯನ್ನರು’ ಎಂಬ ಹೆಸರನ್ನು ವಿದ್ವಾಂಸರು ಟಂಕಿಸಿದ್ದು 1920ರ ದಶಕದಲ್ಲಿ. ಲೆಫರ್‌ನ ಮೊದಲ ತಲೆಮಾರು ಡಕೋಟಕ್ಕೆ ಬಂದು ಅಷ್ಟರಲ್ಲಿ ಮೂವತ್ತು ವರ್ಷವಾಗಿತ್ತು.

ಮೂಲದ ಚಿತ್ರ ಎಷ್ಟು ತಡವಾಗಿ ರಚನೆಯಾಗುತ್ತದೆ ಎಂಬುದಕ್ಕೆ ಸ್ಟೆಫಾನ್ ಯೇಗರ್‌ನ ವರ್ಣಚಿತ್ರ ನೋಡಬೇಕು. ಬಾನಾಟ್‌ಗೆ ಒಕ್ಕಲುಗಳು ಬಂದ ಬಗೆಯನ್ನು ಮೂರು ಫಲಕಗಳಲ್ಲಿ ತೋರಿಸುವ ಆ ಚಿತ್ರ ಮುಗಿದದ್ದು 1910ರಲ್ಲಿ, ಅಂದರೆ ಮೊದಲ ಅಲೆ ಬಂದು ಸುಮಾರು 190 ವರ್ಷದ ನಂತರ. ಹಳೆಯ ಉಡುಪುಗಳನ್ನು ಅಭ್ಯಾಸ ಮಾಡಲು ಅವನು ಜರ್ಮನಿಗೇ ಹೋಗಿಬಂದಿದ್ದ. ಚಿತ್ರ ಚೆನ್ನಾಗಿದೆ. ಅಮೆರಿಕದ ಎಷ್ಟೋ ಮನೆಗಳಲ್ಲಿ ಅದೀಗ ಕಣ್ಣಾರೆ ಕಂಡವರ ನೆನಪಿನ ಸ್ಥಾನ ಪಡೆದಿದೆ. ಉಗುಳಿನ ಡಿಎನ್‌ಎ ಪರೀಕ್ಷೆ ಹೇಳುವ ‘ಶೇಕಡಾ ಇಷ್ಟು ಜರ್ಮನ್’ ಎಂಬ ಲೆಕ್ಕಕ್ಕೂ ನಾನು ಹೆಚ್ಚು ಬೆಲೆ ಕೊಡಲಾರೆ. ಅದು ಇಂದು ಬದುಕಿರುವವರ ಮಾದರಿಗಳೊಂದಿಗೆ ಹೋಲಿಸಿ ಮಾಡುವ ಅಂದಾಜು. ಕಳೆದುಹೋದ ದಾಯಾದಿಗಳನ್ನು ಪತ್ತೆಹಚ್ಚಲು ಅದರಿಂದ ಉಪಯೋಗವಿದೆ, ಇದನ್ನು ಒಪ್ಪುತ್ತೇನೆ.

ದಾಯಾದಿಗಳು ಎಂದಾಗ ಕಥೆ ಕಪ್ಪಾಗುತ್ತದೆ. ಬಾನಾಟ್‌ನಲ್ಲೇ ಉಳಿದವರ ಮಕ್ಕಳನ್ನು 1944ರ ನಂತರ ಯುಗೊಸ್ಲಾವಿಯಾದ ಹೊಸ ಆಡಳಿತ ಪ್ರಜೆಗಳ ಪಟ್ಟಿಯಿಂದಲೇ ಅಳಿಸಿತು. ಆಸ್ತಿ ಮುಟ್ಟುಗೋಲಾಯಿತು. ಮುದುಕರು, ಹೆಂಗಸರು, ಮಕ್ಕಳು ರುಡೋಲ್ಫ್ಸ್‌ಗ್ನಾಡ್‌ನಂಥ ಶಿಬಿರಗಳಲ್ಲಿ ಹಸಿವಿಗೂ ಜ್ವರಕ್ಕೂ ಸಾವಿರಾರು ಸಂಖ್ಯೆಯಲ್ಲಿ ಬಲಿಯಾದರು. ಅಮೆರಿಕದ ಕುಟುಂಬ ಪುಸ್ತಕಗಳು ಇದನ್ನು ಬರೆಯುತ್ತವೆ, ಬರೆಯಬೇಕು. ಆದರೆ 1941ರ ಆಗಸ್ಟ್‌ನಲ್ಲಿ ಅದೇ ಬಾನಾಟ್‌ನ ಯಹೂದಿಗಳನ್ನು ಮನೆಗಳಿಂದ ಎಬ್ಬಿಸಿ ಬೆಲ್‌ಗ್ರೇಡ್‌ಗೆ ಸಾಗಿಸಿದ್ದು, ಸ್ಥಳೀಯ ಜರ್ಮನ್ನರು ಅದರಲ್ಲಿ ಕೈಜೋಡಿಸಿದ್ದು, 1942ರಿಂದ ಪ್ರಿನ್ಸ್ ಯೂಜೀನ್ ಹೆಸರಿನ ಎಸ್‌ಎಸ್ ಪಡೆಗೆ ಬಾನಾಟ್‌ನ ಗಂಡಸರನ್ನು, ಹಲವರನ್ನು ಬಲವಂತವಾಗಿ, ಸೇರಿಸಿಕೊಂಡಿದ್ದು, ಇವನ್ನು ಬರೆಯುವ ಹೊತ್ತಿಗೆ ‘ನಮ್ಮ ನೇರ ಪೂರ್ವಜರು ಆಗಲೇ ಡಕೋಟದಲ್ಲಿದ್ದರು’ ಎಂಬ ನೆಪ ಮುಂದೆ ಬರುತ್ತದೆ. ದುಃಖದಲ್ಲಿ ದಾಯಾದಿಗಳು ನಮ್ಮವರು, ಪಾಪದಲ್ಲಿ ಅಲ್ಲ. ಗೆರೆ ಹಿಡಿದು ಬರೆಯುವ ಚರಿತ್ರೆ ಈ ಜಾಣ್ಮೆಗೆ ಅವಕಾಶ ಕೊಡುತ್ತದೆ. ಇಡೀ ಹಳ್ಳಿಯನ್ನು ಬರೆಯಹೊರಟವರಿಗೆ ಯಹೂದಿ ಅಂಗಡಿಯವನ ಮನೆಯನ್ನು ಬಿಟ್ಟು ಮುಂದಿನ ಮನೆಗೆ ಹೋಗುವುದು ಕಷ್ಟ.

ಹಾಗೆಂದು ಹಳ್ಳಿಯನ್ನು ಘಟಕವಾಗಿ ಹಿಡಿದ ಮಾತ್ರಕ್ಕೆ ಎಲ್ಲವೂ ಶುದ್ಧವಾಗುವುದಿಲ್ಲ. ಹಳ್ಳಿಯೊಂದರ ಎಲ್ಲ ಕುಟುಂಬಗಳನ್ನೂ ಚರ್ಚಿನ ಪುಸ್ತಕಗಳಿಂದ ಜೋಡಿಸಿದ ಗ್ರಂಥಗಳು ಜರ್ಮನ್ ಭಾಷೆಯಲ್ಲಿ ನೂರಾರಿವೆ. ನಿರಾಶ್ರಿತರಾಗಿ ಜರ್ಮನಿ, ಆಸ್ಟ್ರಿಯಾ ಸೇರಿದವರು ವರ್ಷಗಟ್ಟಲೆ ಕೂತು ಬಾನಾಟ್‌ನ ಹಳ್ಳಿಗಳಿಗೂ ಅಂಥ ಗ್ರಂಥ ಮಾಡಿದರು. ಅಮೆರಿಕದ ಹುಡುಕಾಟ ಅವುಗಳ ಮೇಲೆ ನಿಂತಿದೆ. ಆದರೆ 1930ರ ದಶಕದಲ್ಲಿ ಈ ಬಗೆಯ ಗ್ರಾಮ-ಕುಲ ಪುಸ್ತಕಗಳಿಗೆ ಮುತುವರ್ಜಿಯಿಂದ ಉತ್ತೇಜನ ಕೊಟ್ಟದ್ದು ನಾಜಿ ಸಂಸ್ಥೆಗಳು. ರಕ್ತದ ಶುದ್ಧಿಯನ್ನು ಸಾಬೀತುಪಡಿಸುವುದು ಆಗಿನ ಉದ್ದೇಶ. ಒಂದೇ ಚರ್ಚಿನ ಪುಸ್ತಕದಿಂದ ಯಾರು ಯಾರ ಮಗುವನ್ನು ಎತ್ತಿಕೊಂಡು ಜ್ಞಾನಸ್ನಾನಕ್ಕೆ ನಿಂತರು ಎಂದೂ ಓದಬಹುದು, ಯಾರ ಅಜ್ಜಿ ‘ನಮ್ಮವಳಲ್ಲ’ ಎಂದೂ ಓದಬಹುದು. ಓದುವವನು ಏನು ಕೇಳುತ್ತಾನೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ನೆಲದ ಲೆಕ್ಕವನ್ನೂ ಇದೇ ದೃಷ್ಟಿಯಿಂದ ಕೇಳಬೇಕು. ಲೆಫರ್ ಇರುವುದು ಹಾರ್ಟ್ ನದಿಯ ದಕ್ಷಿಣಕ್ಕೆ. ಆ ನದಿಯ ದಕ್ಷಿಣದ ಸೀಮೆ ಸಿಯೂ ಜನರದೆಂದು 1851ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಅಮೆರಿಕ ಸರ್ಕಾರವೇ ಬರೆದುಕೊಟ್ಟಿತ್ತು. ಮೂರು ದಶಕ ಕಳೆಯುವಷ್ಟರಲ್ಲಿ ಆ ಹಕ್ಕನ್ನು ಕಿತ್ತುಕೊಂಡಿತು. 1880ರ ದಶಕದ ಆರಂಭಕ್ಕೆ ಡಿಕಿನ್‌ಸನ್ ದಾಟಿ ಹೋದ ನಾರ್ದರ್ನ್ ಪೆಸಿಫಿಕ್ ರೈಲು ಕಂಪನಿಗೆ ಹಳಿಯ ಎರಡೂ ಬದಿಗೆ ನಲವತ್ತು ಮೈಲಿಯವರೆಗಿನ ಬೆಸ ಸಂಖ್ಯೆಯ ಚದರ ಮೈಲಿಗಳನ್ನು ದಾನ ಕೊಡಲಾಗಿತ್ತು. ಆದ್ದರಿಂದ ಇಲ್ಲಿನ ರೈತನೊಬ್ಬನ ಒಂದು ಹೊಲ ಸರ್ಕಾರದಿಂದ ಬಂದದ್ದು, ಬೇಲಿಯಾಚೆಯ ಹೊಲ ರೈಲು ಕಂಪನಿಯಿಂದ ಕೊಂಡದ್ದು ಆಗಿರಬಹುದು. ಹೋಮ್‌ಸ್ಟೆಡ್ ಕಡತ ಮಾತ್ರ ಓದುವವರು ಎರಡನೆಯದನ್ನು ಕಾಣುವುದಿಲ್ಲ. ಎರಡಕ್ಕೂ ಮುಂಚಿನ ಒಡೆಯರನ್ನಂತೂ ಯಾವ ವಂಶವೃಕ್ಷವೂ ಕಾಣುವುದಿಲ್ಲ. ಬಾನಾಟ್‌ನಲ್ಲೂ ಇದೇ ಆಗಿತ್ತು. ಖಾಲಿ ನೆಲವೆಂದು ಹೇಳಿದ ಕಡೆ ಸರ್ಬ್ ಮತ್ತು ರುಮೇನಿಯನ್ ಜನರಿದ್ದರು, ಹೊಸ ಒಕ್ಕಲುಗಳಿಗಾಗಿ ಕೆಲವೆಡೆ ಅವರನ್ನು ಎಬ್ಬಿಸಿ ಬೇರೆಡೆಗೆ ಕಳಿಸಲಾಯಿತು. ಶತಮಾನದ ನಂತರ ಮಕ್ಕಳಿಗೆ ಹಂಚಲು ಹೊಲ ಸಾಲದಾಯಿತು, ದೊಡ್ಡ ಎಸ್ಟೇಟುಗಳ ನಡುವೆ ಬೆಲೆ ಏರಿತು. ಭೂಮಿ ಸಿಗುತ್ತದೆಂಬ ಸುದ್ದಿಯ ಬೆನ್ನುಹತ್ತಿ ಹೊರಟವರು ಅಪ್ಪಂದಿರು ಮಾಡಿದ್ದನ್ನೇ ಮಾಡಿದರು.

ಜಿಚಿಡೋರ್ಫ್ ಇಂದು ಸರ್ಬಿಯಾದ ಪ್ಲಾಂಡಿಷ್ಟೆ. 1945ರ ನಂತರ ಅಲ್ಲಿನ ಖಾಲಿ ಮನೆಗಳಿಗೆ ಸರ್ಕಾರ ತಂದು ಕೂರಿಸಿದವರಲ್ಲಿ ಮ್ಯಾಸಿಡೋನಿಯಾದ ಬಡ ರೈತರು ಬಹಳ ಮಂದಿ. ಹಳ್ಳಿಯಿಂದ ಹಿಂದೆಯೇ ಹೊರಟಿದ್ದ ಇನ್ನೊಂದು ಗುಂಪು ಕೆನಡಾದ ರಿಜೈನಾ ನಗರದ ಬಳಿ ಜಿಚಿಡೋರ್ಫ್ ಹೆಸರಿನದೇ ವಸಾಹತು ಕಟ್ಟಿತ್ತು. ಅಮೆರಿಕಕ್ಕೆ ಹೋಗಿ ಹಣ ಕೂಡಿಸಿ ಮರಳಿ ಬಂದವರೂ ಸಾಕಷ್ಟಿದ್ದರು, ಅವರ ವಿಷಯ ಡಕೋಟದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಏಕೆಂದರೆ ಅವರಿಗೆ ಅಲ್ಲಿ ಮರಿಮಕ್ಕಳಿಲ್ಲ. ಲೆಫರ್‌ನ ಕುಟುಂಬವೊಂದರ ಚರಿತ್ರೆ ಬರೆಯುವವರು ಇವರೆಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದರೆ ಆಕ್ಷೇಪ ಬರುತ್ತದೆ. ನೆರೆಹೊರೆಗೆ ಕೊನೆಯೆಲ್ಲಿ, ರಕ್ತಸಂಬಂಧವಿಲ್ಲದ ಮ್ಯಾಸಿಡೋನಿಯನ್ನನನ್ನೂ ಸಿಯೂ ಜನರನ್ನೂ ಸೇರಿಸಿದರೆ ಅದು ಕುಟುಂಬದ ಕಥೆ ಹೇಗಾದೀತು ಎಂದು. ಕೊನೆ ಎಲ್ಲಿ ಎಂಬುದಕ್ಕೆ ಒಂದು ಅಳತೆ ಇದೆ: ಒಂದೇ ಮನೆಯಲ್ಲಿ, ಒಂದೇ ಹೊಲದಲ್ಲಿ ಹಿಂದೆ ಮುಂದೆ ಬದುಕಿದವರು, ಒಂದೇ ಕಾಗದದ ಮೇಲೆ ಹೆಸರಿರುವವರು. ರಕ್ತಸಂಬಂಧದ ಮಾತಿಗೆ ಉತ್ತರ ಭೂ ಕಚೇರಿಯ ಕಡತದಲ್ಲೇ ಇದೆ. ಅಲ್ಲಿ ಪ್ರಮಾಣ ಮಾಡಿ ಹೇಳಿಕೆ ಕೊಟ್ಟ ಆ ಇಬ್ಬರು ನೆಂಟರಾಗಿರಬೇಕೆಂದು ಕಾನೂನು ಕೇಳಿರಲಿಲ್ಲ, ಆದರೂ ಅವರ ಸಹಿಯಿಲ್ಲದೆ ಆ 160 ಎಕರೆ ಯಾರ ಅಜ್ಜನಿಗೂ ಸಿಗುತ್ತಿರಲಿಲ್ಲ.